ಕತ್ತೆ ನೋಡಲು ಹೋದ ಕಥೆ

(ಮಹಿಳಾ ವಿಭಾಗದ ‘ನನ್ನ ಪ್ರವಾಸ’ ಕಾರ್ಯಕ್ರಮದಲ್ಲಿ ಆಡಿದ ಮಾತುಗಳು)



ನನಗಿಂತ ಮೊದಲು ಮಾತನಾಡಿದವರು ಕಾಶಿ, ಸಿಂಗಪುರ, ಸ್ವಿಟ್ಜರ್ಲೆಂಡ್ ನೋಡಿ ಬಂದವರು. ನಾನು ನೋಡಿ ಬಂದದ್ದು ಕತ್ತೆಯನ್ನು. ನಗಬೇಡಿ, ಪೂರ್ತಿ ಕೇಳಿ.

ಮೊದಲು ಆಸೆಯಿದ್ದದ್ದು ಕುದುರೆಯ ಮೇಲೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ‘ತಾಖಿ’ ಎಂಬ ಕಾಡುಕುದುರೆಗಳಿವೆ. 1969ರ ಹೊತ್ತಿಗೆ ಅವು ಕಾಡಿನಿಂದಲೇ ಮರೆಯಾಗಿದ್ದವು. ಮೃಗಾಲಯಗಳಲ್ಲಿ ಉಳಿದಿದ್ದವುಗಳ ಸಂತತಿಯನ್ನು 1992ರಿಂದ ಹುಸ್ತಾಯಿ ಮುಂತಾದ ಕಡೆ ಮತ್ತೆ ಬಯಲಿಗೆ ಬಿಟ್ಟರು. ಅದರ ವಿಡಿಯೋ ನೋಡಿ ನನ್ನ ಎಂಟು ವರ್ಷದ ಮಗಳು, “ಅಮ್ಮಾ, ಹೋಗೋಣ” ಎಂದು ಹಟ ಹಿಡಿದಳು. ವಿಮಾನದ ಟಿಕೆಟ್ ದರ ನೋಡಿ ಲ್ಯಾಪ್‌ಟಾಪ್ ಮುಚ್ಚಿದೆ. ಮರುದಿನ ತಿಳಿಯಿತು: ಕುದುರೆಯ ಕಾಡು ದಾಯಾದಿಯೊಂದು ಬೋರಿವಲಿಯಿಂದ ಒಂದೇ ರಾತ್ರಿಯ ರೈಲಿನ ದೂರದಲ್ಲಿದೆ. ಕಛ್‌ನ ಚಿಕ್ಕ ರಣದ ಕಾಡುಕತ್ತೆ, ಅಲ್ಲಿಯವರ ಬಾಯಲ್ಲಿ ‘ಘುಡ್‌ಖರ್’.

“ಕತ್ತೆ ನೋಡೂಕೆ ಅಷ್ಟು ದೂರ ಹೋಗ್ಬೇಕಾ ಮಾರಾಯ್ತಿ?” ಎಂದರು ನಮ್ಮ ಅತ್ತೆ. ಹಾಗೆಂದವರೇ ಚಕ್ಕುಲಿ ಡಬ್ಬಿ ಹಿಡಿದು ನಮ್ಮೊಂದಿಗೆ ಹೊರಟರು.

ಬೆಳಿಗ್ಗೆ ವೀರಮ್‌ಗಾಮ್‌ನಲ್ಲಿ ಇಳಿದು, ದಸಾಡಾ ಮೂಲಕ ಜೀಪಿನಲ್ಲಿ ರಣಕ್ಕೆ ಹೋದೆವು. ಈ ಅಭಯಾರಣ್ಯದ ವಿಸ್ತಾರ 4,954 ಚದರ ಕಿಲೋಮೀಟರ್, ನಮ್ಮ ಬೃಹನ್ಮುಂಬಯಿಯ ಎಂಟು ಪಟ್ಟು. “ಅರಣ್ಯ ಅಂತೀರಿ, ಮರ ಎಲ್ಲಿ?” ಎಂದರು ಅತ್ತೆ. ನನಗೂ ಹಾಗೇ ಅನಿಸಿತ್ತು. ಕಣ್ಣು ಹಾಯುವವರೆಗೆ ಬಿರುಕು ಬಿಟ್ಟ ಬೂದು ನೆಲ. ಮಳೆಗಾಲದಲ್ಲಿ ಇದೆಲ್ಲ ನೀರು. ಆಗ ‘ಬೇಟ್’ ಎಂಬ ದಿಬ್ಬಗಳಷ್ಟೇ ತಲೆ ಎತ್ತಿ ನಿಲ್ಲುತ್ತವೆ. ಅಲ್ಲಿ ಬೆಳೆಯುವ ಹುಲ್ಲೇ ಕಾಡುಕತ್ತೆಯ ಜೀವ.

ಚಾಲಕ ಜೀಪು ನಿಲ್ಲಿಸಿ ಬೆರಳು ತೋರಿಸಿದ. ಮರಳುಗೆಂಪು ಮೈ, ಬಿಳಿ ಹೊಟ್ಟೆ, ಬೆನ್ನುದ್ದಕ್ಕೂ ಕಪ್ಪು ಪಟ್ಟಿ, ಸೆಟೆದು ನಿಂತ ಕೇಸರ. ಹೆಣ್ಣುಗಳು, ಅವುಗಳ ನಡುವೆ ಎರಡು ಮರಿ. ನಮ್ಮ ವಾಸನೆ ಸಿಕ್ಕಿದ್ದೇ ತಡ, ಓಡಿದವು. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲ ಪ್ರಾಣಿ ಅದು. “ಇದು ಕುದುರೇನೇ!” ಎಂದು ಮಗಳು ಕುಣಿದಳು. ಅಗಸನ ಕತ್ತೆಯ ಮೂಲ ಆಫ್ರಿಕಾ. ಇದರದು ಬೇರೆಯೇ ಕುಲ, ಏಷ್ಯಾದ್ದು.

ಈ ಪ್ರಾಣಿಯೂ ಕೈತಪ್ಪಿ ಹೋಗುತ್ತಿತ್ತು. ರೋಗಗಳ ಹೊಡೆತಕ್ಕೆ ಸಿಕ್ಕಿ, 1969ರ ಗಣತಿಯಲ್ಲಿ ಉಳಿದಿದ್ದದ್ದು ಬರೀ 362. ಆಮೇಲೆ ಅಭಯಾರಣ್ಯ ಬಂತು, ರಕ್ಷಣೆ ಸಿಕ್ಕಿತು. 2024ರ ಗಣತಿಯಲ್ಲಿ 7,672. ನೆಲವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ‘ಹಸಿರು ಮಾಡೋಣ’ ಎಂದು ಮನುಷ್ಯರು ತಂದು ನೆಟ್ಟ ಬಳ್ಳಾರಿ ಜಾಲಿಯೇ ಈಗ ಹುಲ್ಲನ್ನು ನುಂಗುತ್ತಿದೆ. ಗುಜರಾತಿಯಲ್ಲಿ ಅದರ ಹೆಸರು ‘ಗಾಂಡೋ ಬಾವಳ್’, ಅಂದರೆ ಹುಚ್ಚು ಜಾಲಿ.

ಮಧ್ಯಾಹ್ನ ಉಪ್ಪು ಬೆಳೆಯುವ ಅಗರಿಯಾ ಕುಟುಂಬವೊಂದು ನಮಗೆ ಚಹಾ ಕೊಟ್ಟಿತು. ಮಳೆ ನಿಂತ ಮೇಲೆ ಬಂದು, ಬೇಸಿಗೆಯವರೆಗೆ ಗುಡಿಸಲಲ್ಲೇ ಇದ್ದು, ನೆಲದಡಿಯ ಉಪ್ಪುನೀರನ್ನು ಮೇಲೆತ್ತಿ ಒಣಗಿಸುವ ಕೆಲಸ. ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲು ಗುಜರಾತಿನದು. ಆ ಹೆಂಗಸಿನ ಅಂಗಾಲು ಉಪ್ಪಿಗೆ ಬಿರಿದು ಗಟ್ಟಿಯಾಗಿತ್ತು. ‘ಅಗರಿಯಾ’ ಎಂಬ ಪದ ಕೇಳಿ ಕುಮಟಾ ಕಡೆಯ ನಮ್ಮ ಅತ್ತೆಯ ಮುಖ ಅರಳಿತು. “ನಮ್ಮ ಸಾಣಿಕಟ್ಟೆಯ ಉಪ್ಪಿನ ಆಗರ! ಅದೇ ಮಾತು!” ಭಾಷೆ ಬಾರದ ಇಬ್ಬರು ಹೆಂಗಸರು ಅಂಗೈ ಮೇಲೆ ಉಪ್ಪಿನ ಹರಳು ಇಟ್ಟುಕೊಂಡು ಕಾಲು ಗಂಟೆ ಮಾತಾಡಿದರು.

ಅಲ್ಲಿ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಸರ್ವೆಯೇ ಆಗದ ಕಾರಣ ಇಡೀ ರಣಕ್ಕೆ ‘ಸರ್ವೆ ನಂಬರ್ ಸೊನ್ನೆ’ ಎನ್ನುತ್ತಾರಂತೆ. ತಲೆಮಾರುಗಳಿಂದ ದುಡಿದವರ ಹೆಸರಿನಲ್ಲಿ ಸಾತ್‌ಬಾರಾ ಉತಾರದಂಥ ಕಾಗದವೇ ಇಲ್ಲ. ನಮ್ಮ ಸಾಫ್ಟ್‌ವೇರ್‌ನಲ್ಲಿ ಸೊನ್ನೆ ಬೇರೆ, ‘ಏನೂ ಇಲ್ಲ’ ಎನ್ನುವುದು ಬೇರೆ. ಎರಡನ್ನೂ ಒಂದೇ ಎಂದುಕೊಂಡರೆ ಲೆಕ್ಕವೆಲ್ಲ ತಪ್ಪುತ್ತದೆ. ಮನೆಗೆಲಸ ಮಾಡುವ ಹೆಂಗಸಿನ ದುಡಿಮೆಯನ್ನೂ ನಾವು ಹಾಗೆಯೇ ಲೆಕ್ಕ ಹಾಕಿದ್ದೇವಲ್ಲವೇ?

ಒಂದು ವಿಷಯ ಒಪ್ಪಿಕೊಳ್ಳಬೇಕು. ಭಾಂಡುಪ್-ಮುಲುಂಡ್ ಕಡೆ ಹೈವೇ ಪಕ್ಕದ ಉಪ್ಪಿನ ಆಗರಗಳನ್ನು ನೋಡಿ, “ಇಷ್ಟೊಂದು ಖಾಲಿ ಜಾಗ! ಇಲ್ಲಿ ಬಿಲ್ಡಿಂಗ್ ಬಂದರೆ ನಮಗೂ ಒಂದು ಫ್ಲ್ಯಾಟ್ ಸಿಗುತ್ತಿತ್ತು” ಎಂದು ಎಷ್ಟೋ ಸಲ ಹೇಳಿದವಳು ನಾನೇ. ಭರತದ ನೀರು, ಮಳೆಯ ನೀರು ಬಂದು ನಿಲ್ಲುವ ತಗ್ಗು ಅದು. 2005ರ ಜುಲೈ 26 ನೋಡಿದ ನಮಗೆ, ನೀರಿಗೆ ಜಾಗವಿಲ್ಲದಿದ್ದರೆ ಏನಾಗುತ್ತದೆ ಎಂದು ಬೇರೆ ಯಾರೂ ಹೇಳಬೇಕಿಲ್ಲ. ಮನೆಯ ಆಸೆ ನನಗೆ ಈಗಲೂ ಇದೆ. ಆದರೆ ‘ಖಾಲಿ’ ಎನ್ನುವ ಮಾತು ಮಾತ್ರ ನಾಲಿಗೆಗೆ ಬರುವುದಿಲ್ಲ.

ನವೆಂಬರ್‌ನಿಂದ ಫೆಬ್ರುವರಿಯೊಳಗೆ ನೀವೂ ಹೋಗಿ ಬನ್ನಿ, ಮಕ್ಕಳನ್ನೂ ಅತ್ತೆಯರನ್ನೂ ಕರೆದುಕೊಂಡು ಹೋಗಿ. ಅಂದ ಹಾಗೆ, ಹೋಮ್‌ವರ್ಕ್ ಮಾಡದ ಮಗಳಿಗೆ “ಕತ್ತೆ!” ಎಂದು ನಾನು ಬೈದರೆ, ಅವಳೀಗ “ಥ್ಯಾಂಕ್ಯೂ ಅಮ್ಮ” ಎನ್ನುತ್ತಾಳೆ.