ದೋಣಿ ಎಲ್ಲಿ ನಿಲ್ಲಬೇಕು?

(ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಮಲೆನಾಡಿನಿಂದ ಬಂದಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ನೀವು ಘಟ್ಟದ ಸೀಮೆಯಿಂದ ಇಳಿದು ಮಂಡಿ ಮೊಹಲ್ಲಾಕ್ಕೆ ಬಂದಿದ್ದೀರಿ. ನಿಮಗಿಂತ ಮೊದಲೇ ನಿಮ್ಮ ಸೀಮೆಯ ನೀರು ಇತ್ತ ಬಂದಿದೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳು ಕೃಷ್ಣರಾಜಸಾಗರದಲ್ಲಿ ಕೂಡಿ, ಅಣೆಕಟ್ಟೆಯ ಕೆಳಗೆ ರಂಗನತಿಟ್ಟಿನ ಬಂಡೆಗಳ ನಡುವೆ ಹರಿಯುತ್ತವೆ. ಇಲ್ಲಿಂದ ಅಲ್ಲಿಗೆ ಇಪ್ಪತ್ತು ಕಿಲೋಮೀಟರಿನೊಳಗಿನ ದಾರಿ. ಪಕ್ಷಿತಜ್ಞ ಸಾಲಿಂ ಅಲಿಯವರ ಸಲಹೆಯಂತೆ ಮೈಸೂರು ಸಂಸ್ಥಾನವು 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಘೋಷಿಸಿತು. 2022ರಲ್ಲಿ ಅದು ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು.

ಅಲ್ಲಿ ದೋಣಿ ಹತ್ತಿದವರ ಕಣ್ಣು ಮರದ ಮೇಲಿನ ಕೊಕ್ಕರೆಗಳತ್ತ ಹೋಗುವುದು ಸಹಜ. ನನ್ನ ಕ್ಯಾಮೆರಾ ಹುಡುಕುವುದು ಬಂಡೆಯ ಮೇಲಿನವರನ್ನು: ಉರುಟು ಕಣ್ಣಿನ ದೊಡ್ಡ ಕಲ್ಲುಗೊರವ, ಕರಿನೆತ್ತಿ ಹಳದಿ ಕೊಕ್ಕಿನ ನದಿ ರೀವ, ಚಳಿಗಾಲದಲ್ಲಿ ಉತ್ತರದಿಂದ ಬಂದು ಬಾಲ ಕುಣಿಸುತ್ತ ನಡೆಯುವ ಗದ್ದೆಗೊರವ.

ದೋಣಿಯಿಂದ ಚಿತ್ರ ತೆಗೆಯುವ ವಿದ್ಯೆ ಕಠಿಣವಲ್ಲ. ನಿಲ್ಲಬಾರದು, ತಗ್ಗಿ ಕೂರಬೇಕು. ಮುಕ್ಕಾಲಿ ಪೀಠವು ಅಲುಗುವ ದೋಣಿಯಲ್ಲಿ ನಿರುಪಯುಕ್ತ. ಮೊಣಕೈಯನ್ನು ಮೈಗೆ ಒತ್ತಿ ಹಿಡಿದು, ಶಟರ್ ವೇಗವನ್ನು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಮಾಡದಿದ್ದರೆ ಸಾಕು. ಸೂರ್ಯ ಬೆನ್ನಿಗಿರಲಿ. ಹಕ್ಕಿಯತ್ತ ನೇರವಾಗಿ ಹುಟ್ಟು ಹಾಕದೆ, ಓರೆಯಾಗಿ, ನೀರಿನ ಸೆಳೆತಕ್ಕೆ ದೋಣಿಯನ್ನು ಬಿಡಬೇಕು. ಕಠಿಣವಾದುದು ಒಂದೇ: ಎಲ್ಲಿ ನಿಲ್ಲಬೇಕೆಂದು ತಿಳಿಯುವುದು.

ಅದನ್ನು ನಾನು ತಪ್ಪು ಮಾಡಿ ಕಲಿತೆ. ಒಂದು ಬೇಸಿಗೆಯಲ್ಲಿ ಬಂಡೆಯ ಮೇಲೆ ಕುಳಿತಿದ್ದ ರೀವವನ್ನು ಕಂಡು, ‘ಇನ್ನೂ ಸ್ವಲ್ಪ ಹತ್ತಿರ’ ಎಂದು ಅಂಬಿಗನನ್ನು ಒತ್ತಾಯಿಸಿದೆ. ಹಕ್ಕಿ ಎದ್ದು, ಕೊಕ್ಕು ತೆರೆದು ಕೂಗುತ್ತ ನಮ್ಮ ತಲೆಯ ಮೇಲೆ ಎರಗಿತು. ನಾನು ಸಂತೋಷದಿಂದ ಚಿತ್ರ ತೆಗೆಯುತ್ತಲೇ ಇದ್ದೆ. ಅಂಬಿಗ ಒಂದು ಮಾತನ್ನೂ ಆಡದೆ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ಆಗಷ್ಟೇ ಕಂಡದ್ದು, ಕಲ್ಲಿನ ಬಣ್ಣವನ್ನೇ ಹೊತ್ತ ಎರಡು ಚುಕ್ಕೆ ಮೊಟ್ಟೆಗಳು.

ಈ ಹಕ್ಕಿಗಳು ಗೂಡು ಕಟ್ಟುವುದಿಲ್ಲ. ಬರಿಯ ನೆಲ, ಬರಿಯ ಬಂಡೆಯೇ ಬಾಣಂತಿಕೋಣೆ. ನಡು ಬೇಸಿಗೆಯಲ್ಲಿ ತಾಯಿ ಕೂರುವುದು ಮೊಟ್ಟೆಗೆ ಕಾವು ಕೊಡಲಿಕ್ಕೆ ಮಾತ್ರವಲ್ಲ, ನೆರಳು ಕೊಡಲಿಕ್ಕೆ. ಹೊಟ್ಟೆಯ ಗರಿಗಳನ್ನು ನದಿಯಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಣಿಸುವುದೂ ಉಂಟು. ಅದನ್ನು ಎಬ್ಬಿಸಿದರೆ ಬಿಸಿಲು ಮೊಟ್ಟೆಯನ್ನು ಬೇಯಿಸುತ್ತದೆ. ಇಲ್ಲವೇ ಕಾಗೆ ಬರುತ್ತದೆ. ಆ ಚಿತ್ರ ಇಂದಿಗೂ ನನ್ನಲ್ಲಿದೆ. ನೋಡಿದವರು ಮೆಚ್ಚುತ್ತಾರೆ. ಅದು ಭಯದ ಚಿತ್ರವೆಂದು ನಾನೇ ಹೇಳಬೇಕಾಗುತ್ತದೆ.

ಇದು ನಿಮ್ಮ ಸೀಮೆಯ ಮಾತೂ ಹೌದು. ಭದ್ರಾ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಂತೆ ನಡುಗಡ್ಡೆಗಳು ತಲೆಯೆತ್ತುತ್ತವೆ; ಲಕ್ಕವಳ್ಳಿಯ ಬಳಿ ಅವುಗಳ ಮೇಲೆ ರೀವಗಳು ಗುಂಪುಗುಂಪಾಗಿ ಮೊಟ್ಟೆಯಿಡುತ್ತವೆ. ನೀರು ಅಕಾಲದಲ್ಲಿ ಏರಿದರೆ ಮೊಟ್ಟೆಗಳು ಮುಳುಗುತ್ತವೆ. ಮಳೆ ನಮ್ಮ ಕೈಯಲ್ಲಿಲ್ಲ, ಅಣೆಕಟ್ಟೆಯ ತೂಬೂ ನಮ್ಮ ಕೈಯಲ್ಲಿಲ್ಲ. ದೋಣಿಯ ಹುಟ್ಟು ನಮ್ಮ ಕೈಯಲ್ಲಿದೆ. ಜಗತ್ತಿನಲ್ಲಿ ಈ ಹಕ್ಕಿಯ ಸಂಖ್ಯೆ ಕುಗ್ಗುತ್ತಿರುವುದರಿಂದ 2020ರಲ್ಲಿ ಇದನ್ನು ಅಪಾಯಕ್ಕೆ ಈಡಾದ ಜೀವಿಗಳ ಸಾಲಿಗೆ ಸೇರಿಸಲಾಗಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಚಳಿಗಾಲದ ಅತಿಥಿಗಳ ಚಿತ್ರ ತೆಗೆಯಿರಿ. ಅವುಗಳ ಮೊಟ್ಟೆಮರಿಗಳ ಸಂಸಾರ ಇಲ್ಲಿಲ್ಲ. ಬೇಸಿಗೆಯಲ್ಲಿ ಬಂಡೆಗಳಿಂದ ದೂರವಿರಿ. ಹಕ್ಕಿ ಮೇಯುವುದನ್ನು ಬಿಟ್ಟು ಕತ್ತೆತ್ತಿ ನಿಮ್ಮನ್ನೇ ನೋಡತೊಡಗಿದರೆ ಅದೇ ಎಲ್ಲೆ. ದೋಣಿ ಅಲ್ಲಿಂದ ಹಿಂದೆ ಸರಿಯಲಿ. ಚಿತ್ರದಲ್ಲಿ ಹಕ್ಕಿ ಚಿಕ್ಕದಾಗಿ ಕಂಡರೆ ಅದರ ಸುತ್ತಲಿನ ನದಿ ದೊಡ್ಡದಾಗಿ ಕಾಣುತ್ತದೆ. ಅದರಿಂದ ಯಾರಿಗೂ ನಷ್ಟವಿಲ್ಲ.