ಸಿ.ಡಿ. ರೈಟರ್ ಕೊಳ್ಳುವಾಗ: ಅಗ್ಗದ್ದೋ, ದುಬಾರಿಯದ್ದೋ?



ಹಾಲು ಉತ್ಪಾದಕರ ಸಂಘದ ಹಳೆಯ ಲೆಕ್ಕ, ಬೀಜೋತ್ಪಾದನೆಯ ದಾಖಲೆ, ತರಬೇತಿ ಶಿಬಿರದ ಚಿತ್ರಗಳು, ನಾಟಿ ರಾಗಿ ಮತ್ತು ಭತ್ತದ ತಳಿಗಳ ಬಗ್ಗೆ ಊರಿನ ಹಿರಿಯರು ಆಡಿದ ಮಾತುಗಳು - ಇಂಥ ಎಷ್ಟೋ ಬೆಲೆಬಾಳುವ ವಿಷಯಗಳು 2000ದ ನಂತರದ ವರ್ಷಗಳಲ್ಲಿ ಸಿ.ಡಿ.ಗಳಿಗೆ ಸೇರಿದವು. ಈಗ ಬರುವ ಬಹುಪಾಲು ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇಲ್ಲ. ಹಳೆಯದನ್ನು ಓದಿಸಲು ಮತ್ತು ಹೊಸ ಪ್ರತಿ ತೆಗೆಯಲು ಸಿ.ಡಿ. ಬರೆಯುವ ಯಂತ್ರವನ್ನು, ಅಂದರೆ ರೈಟರನ್ನು, ಬೇರೆಯಾಗಿ ಕೊಳ್ಳಬೇಕಾಗುತ್ತದೆ. ಅಗ್ಗದ್ದನ್ನು ಕೊಳ್ಳಬೇಕೇ, ದುಬಾರಿಯದ್ದನ್ನು ಕೊಳ್ಳಬೇಕೇ ಎಂಬ ಪ್ರಶ್ನೆ ಆಗ ಏಳುತ್ತದೆ.

ಸಿ.ಡಿ.ಯ ಮೇಲೆ ಬರೆಯುವುದು ಹೇಗೆ?

ಬರೆಯುವ ಸಿ.ಡಿ.ಯೊಳಗೆ ಬಣ್ಣದ ತೆಳುವಾದ ಒಂದು ಪದರವಿದೆ. ಲೇಸರ್ ಕಿರಣದ ಶಾಖದಿಂದ ಆ ಪದರದಲ್ಲಿ ಸೂಕ್ಷ್ಮ ಗುರುತುಗಳು ಮೂಡುತ್ತವೆ. ಓದುವ ಯಂತ್ರ ಈ ಗುರುತುಗಳನ್ನೇ ಓದುತ್ತದೆ. ಗುರುತು ಸ್ಪಷ್ಟವಾಗಿ ಮೂಡಿದರೆ ದಾಖಲೆ ಬಾಳುತ್ತದೆ. ಅಸ್ಪಷ್ಟವಾಗಿ ಮೂಡಿದರೆ ಇಂದು ಓದಿದ ಸಿ.ಡಿ. ನಾಳೆ ಓದದೆ ಹೋಗಬಹುದು. ಆದ್ದರಿಂದ ಗುರುತು ಎಷ್ಟು ಬೇಗ ಮೂಡಿತು ಎಂಬುದಕ್ಕಿಂತ ಎಷ್ಟು ಚೆನ್ನಾಗಿ ಮೂಡಿತು ಎಂಬುದು ಮುಖ್ಯ.

ಹೆಚ್ಚಿನ ಹಣಕ್ಕೆ ಸಿಗುವುದೇನು?

ಇದಕ್ಕೆ 2003ರ ಒಂದು ಉದಾಹರಣೆಯನ್ನು ನೋಡಬಹುದು. ಆ ವರ್ಷ ಪ್ಲೆಕ್ಸ್‌ಟರ್ ಕಂಪನಿ 'ಪ್ರೀಮಿಯಂ' ಎಂಬ ದುಬಾರಿ ರೈಟರನ್ನು ಹೊರತಂದಿತು. ಅದೇ ಕಾಲದಲ್ಲಿ ಲೈಟ್-ಆನ್ ಕಂಪನಿಯ ಅಗ್ಗದ ರೈಟರ್‌ಗಳೂ ಮಾರುಕಟ್ಟೆಯಲ್ಲಿದ್ದವು. ಎರಡರ ವೇಗವೂ 52 ಪಟ್ಟು. ಒಂದು ಪಟ್ಟು ಎಂದರೆ ಸೆಕೆಂಡಿಗೆ 150 ಕಿಲೋಬೈಟ್. ವ್ಯತ್ಯಾಸವಿದ್ದುದು ಬೇರೆ ಅಂಶಗಳಲ್ಲಿ.

ಮೊದಲನೆಯದು ಬಫರ್. ಬಾವಿಯ ಪಂಪು ಕ್ಷಣಕಾಲ ತಡೆದರೂ ಕಾಲುವೆಯ ನೀರು ನಿಲ್ಲದಂತೆ ತೊಟ್ಟಿ ಕಾಯುತ್ತದೆಯಲ್ಲವೇ? ಬಫರ್ ಮಾಡುವ ಕೆಲಸವೂ ಅದೇ. ದುಬಾರಿ ಯಂತ್ರದಲ್ಲಿ 8 ಮೆಗಾಬೈಟ್, ಅಗ್ಗದ್ದರಲ್ಲಿ 2 ಮೆಗಾಬೈಟ್ ಇತ್ತು. ಪೂರ್ಣ ವೇಗದಲ್ಲಿ 2 ಮೆಗಾಬೈಟ್ ಕಾಲು ಸೆಕೆಂಡಿಗೆ, 8 ಮೆಗಾಬೈಟ್ ಸುಮಾರು ಒಂದು ಸೆಕೆಂಡಿಗೆ ಬರಿದಾಗುತ್ತದೆ. ಹಿಂದೆ ಹೀಗೆ ಬರಿದಾದರೆ ಸಿ.ಡಿ. ಕೆಟ್ಟೇ ಹೋಗುತ್ತಿತ್ತು. 2000ದಲ್ಲಿ ಸ್ಯಾನ್ಯೋ ಕಂಪನಿಯ 'ಬರ್ನ್-ಪ್ರೂಫ್' ತಂತ್ರ ಬಂದ ಮೇಲೆ ಬರೆಯುವುದನ್ನು ನಿಲ್ಲಿಸಿ ಅಲ್ಲಿಂದಲೇ ಮುಂದುವರಿಸುವುದು ಸಾಧ್ಯವಾಯಿತು. ಅಂಥದೇ ತಂತ್ರಗಳು ಬೇಗನೆ ಅಗ್ಗದ ಯಂತ್ರಗಳಿಗೂ ಬಂದವು. ಆದುದರಿಂದ ಬಫರಿಗಾಗಿ ಹೆಚ್ಚು ಹಣ ತೆರುವ ಅಗತ್ಯ ಉಳಿಯಲಿಲ್ಲ.

ಎರಡನೆಯದು, 700 ಮೆಗಾಬೈಟಿನ ಸಿ.ಡಿ.ಯಲ್ಲಿ ಅದಕ್ಕೂ ಹೆಚ್ಚು ತುಂಬುವ ಸೌಲಭ್ಯ. ಹೀಗೆ ಒತ್ತೊತ್ತಾಗಿ ಬರೆದದ್ದನ್ನು ಬೇರೆ ಯಂತ್ರಗಳು ಓದದೆ ಇರಬಹುದು. ದಾಖಲೆ ಇಡುವವರಿಗೆ ಇದು ತಕ್ಕುದಲ್ಲ.

ಮೂರನೆಯದು, ಬರೆದ ಸಿ.ಡಿ.ಯಲ್ಲಿ ಎಷ್ಟು ದೋಷಗಳಿವೆ ಎಂದು ಎಣಿಸಿ ತೋರಿಸುವ ಸೌಲಭ್ಯ. ನಿಜವಾಗಿ ಹಣ ತೆರಬೇಕಾದದ್ದು ಇದಕ್ಕೆ. ಸಿ-1 ಎಂಬ ಚಿಕ್ಕ ದೋಷಗಳು ಸರಾಸರಿ ಸೆಕೆಂಡಿಗೆ 220 ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಸಿ-2 ಎಂಬ ದೊಡ್ಡ ದೋಷಗಳು ಇರಲೇಬಾರದು. ಸ್ವಾರಸ್ಯವೆಂದರೆ, ಕೆ-ಪ್ರೋಬ್ ಎಂಬ ಉಚಿತ ತಂತ್ರಾಂಶದ ನೆರವಿನಿಂದ ಲೈಟ್-ಆನ್ ಯಂತ್ರಗಳಲ್ಲಿಯೂ ಈ ಎಣಿಕೆ ಸಾಧ್ಯವಿತ್ತು. ಬೆಲೆಯೊಂದನ್ನೇ ನೋಡಿ ಯಂತ್ರದ ಗುಣವನ್ನು ನಿರ್ಧರಿಸಬಾರದು ಎಂಬುದಕ್ಕೆ ಇದೇ ಸಾಕ್ಷಿ.

ಯಾರಿಗೆ ಯಾವುದು?

ಈಗ ಕೊಳ್ಳುವವರಿಗೆ ಸಾಮಾನ್ಯವಾಗಿ ಸಿಗುವುದು ಸಿ.ಡಿ. ಮತ್ತು ಡಿ.ವಿ.ಡಿ. ಎರಡನ್ನೂ ಬರೆಯುವ ಯಂತ್ರ. ವರ್ಷಕ್ಕೆ ಹತ್ತಿಪ್ಪತ್ತು ಸಿ.ಡಿ. ಬರೆಯುವ ಮನೆಗೆ ಯು.ಎಸ್.ಬಿ. ತಂತಿಯಿಂದ ಜೋಡಿಸುವ ಸಾಧಾರಣ ರೈಟರ್ ಸಾಕು. ವೇಗಕ್ಕಾಗಿ ಹಣ ಸುರಿಯಬೇಕಾಗಿಲ್ಲ. 16 ಪಟ್ಟು ವೇಗದಲ್ಲಿ ತುಂಬು ಸಿ.ಡಿ. ಬರೆಯಲು ಹಿಡಿಯುವುದು ಸುಮಾರು 5 ನಿಮಿಷ. 52ರಲ್ಲಿ ಬರೆದರೆ ಉಳಿಯುವುದು ಎರಡು-ಮೂರು ನಿಮಿಷ ಮಾತ್ರ. ಊರಿನ ದಾಖಲೆಗಳನ್ನೆಲ್ಲ ಕಾಪಾಡುವ ಸಂಘ, ಗ್ರಂಥಾಲಯ ಅಥವಾ ತರಬೇತಿ ಕೇಂದ್ರ ಮಾತ್ರ ದೋಷ ಎಣಿಸಬಲ್ಲ ಯಂತ್ರವನ್ನೇ ಕೊಳ್ಳುವುದು ಲೇಸು. ಈ ಸೌಲಭ್ಯ ಎಲ್ಲ ಯಂತ್ರಗಳಲ್ಲಿ ಇಲ್ಲದಿರುವುದರಿಂದ ಮೊದಲೇ ವಿಚಾರಿಸಬೇಕು.

ಯಂತ್ರಕ್ಕಿಂತ ಮುಖ್ಯವಾದವು

ಕೂರಿಗೆ ಎಷ್ಟೇ ಬೆಲೆಯದ್ದಾದರೂ ಜೊಳ್ಳು ಬೀಜ ಮೊಳೆಯುವುದಿಲ್ಲ. ಹಾಗೆಯೇ ಕಳಪೆ ಸಿ.ಡಿ.ಯ ಮೇಲೆ ಉತ್ತಮ ರೈಟರ್ ಕೂಡ ಬಾಳುವ ದಾಖಲೆಯನ್ನು ಬರೆಯಲಾರದು. ಆದ್ದರಿಂದ ಯಂತ್ರದಲ್ಲಿ ಉಳಿಸಿದ ಹಣವನ್ನು ಒಳ್ಳೆಯ ಸಿ.ಡಿ.ಗಳಿಗೆ ಹಾಕಬೇಕು. ಜೊತೆಗೆ ಈ ಕ್ರಮಗಳನ್ನು ಅನುಸರಿಸಬೇಕು:

1. ಬರೆಯುವಾಗ ವಿದ್ಯುತ್ ಹೋದರೆ ಬಫರ್ ಆಗಲಿ, ಬರ್ನ್-ಪ್ರೂಫ್ ಆಗಲಿ ಕಾಪಾಡುವುದಿಲ್ಲ. ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್ ಅಥವಾ ಯು.ಪಿ.ಎಸ್. ಬಳಸಬೇಕು.

2. ಬರೆದ ಮೇಲೆ ಮೂಲದೊಂದಿಗೆ ಹೋಲಿಸಿ ನೋಡುವಂತೆ ತಂತ್ರಾಂಶಕ್ಕೆ ಸೂಚಿಸಬೇಕು. ಬೇರೊಂದು ಯಂತ್ರದಲ್ಲಿಯೂ ಓದಿಸಿ ನೋಡಬೇಕು. ಬಿತ್ತುವ ಮುನ್ನ ಮೊಳಕೆ ಪರೀಕ್ಷೆ ಮಾಡುವಷ್ಟೇ ಇದು ಅಗತ್ಯ.

3. ಹೆಸರು ಬರೆಯುವ ಕಡೆಯ ಲೇಪ ಬಹಳ ತೆಳು. ಬಾಲ್ ಪೆನ್ನಿನಿಂದ ಬರೆಯಬಾರದು. ಮೆತ್ತನೆಯ ತುದಿಯ ಮಾರ್ಕರ್ ಪೆನ್ ಬಳಸಬೇಕು.

4. ಬಿಸಿಲು, ಶಾಖ, ತೇವ ತಾಗದಂತೆ ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ ಇಡಬೇಕು. ಒರೆಸುವಾಗ ನಡುವಿನಿಂದ ಅಂಚಿನ ಕಡೆಗೆ ಒರೆಸಬೇಕು.

5. ಮುಖ್ಯ ದಾಖಲೆಗೆ ಎರಡು ಪ್ರತಿ ಇರಲಿ, ಎರಡೂ ಬೇರೆ ಬೇರೆ ಕಡೆ ಇರಲಿ. ಹಾರ್ಡ್ ಡಿಸ್ಕಿನಲ್ಲಿಯೂ ಒಂದು ಪ್ರತಿ ಇರಲಿ.

ರೈಟರ್ ಕೆಟ್ಟರೆ ಇನ್ನೊಂದನ್ನು ತರಬಹುದು. ಈಗ ಇಲ್ಲದ ಹಿರಿಯರ ಮಾತುಗಳಿರುವ ಒಂದೇ ಸಿ.ಡಿ. ಕೆಟ್ಟರೆ ಅದನ್ನು ಎಲ್ಲಿಂದಲೂ ತರಲಾಗದು. ಆದುದರಿಂದ ಯಾವ ಬೆಲೆಯ ರೈಟರ್ ಕೊಂಡರೂ ಸರಿಯೇ, ಹಳೆಯ ಸಿ.ಡಿ.ಗಳು ಇನ್ನೂ ಓದುತ್ತಿರುವಾಗಲೇ ಪ್ರತಿ ತೆಗೆಯುವ ಕೆಲಸವನ್ನು ಮೊದಲು ಮಾಡಿ ಮುಗಿಸಬೇಕು.