ಒಂದೇ ಹಲ್ಲು, ಮೂರು ತೀರ್ಪು: ದಂತಕ್ಷಯವನ್ನು ಕಲಿಸುವವರ ನಡುವಿನ ಒಮ್ಮತ



ದಂತವೈದ್ಯ ಕಾಲೇಜಿನ ಓಪಿಡಿಗೆ ಹದಿನಾರು ವರ್ಷದ ಹುಡುಗಿಯೊಬ್ಬಳು ಬಂದಿದ್ದಾಳೆ ಎಂದಿಟ್ಟುಕೊಳ್ಳಿ. ಕೆಳದವಡೆಯ ದೊಡ್ಡ ಹಲ್ಲಿನ ಗೀರುಗಳು ಕಂದು ಬಣ್ಣಕ್ಕೆ ತಿರುಗಿವೆ. ಗೀರಿನ ಅಂಚಿನಲ್ಲಿ ಸುಣ್ಣದ ಬಿಳುಪು. ಗುಳಿ ಬಿದ್ದಿಲ್ಲ, ನೋವೂ ಇಲ್ಲ. ಅಂತಿಮ ವರ್ಷದ ವಿದ್ಯಾರ್ಥಿ ಅಧ್ಯಾಪಕರೊಬ್ಬರನ್ನು ಕರೆಯುತ್ತಾನೆ. "ಹುಳುಕು ಶುರುವಾಗಿದೆ, ಕೊರೆದು ತುಂಬು" ಎನ್ನುತ್ತಾರೆ ಅವರು. ಅವರು ಬೇರೆ ಚೇರಿನತ್ತ ಹೋದ ಮೇಲೆ ಬಂದ ಮೇಡಂ "ಏರೋಟರ್ ಮುಟ್ಟಬೇಡ, ಸೀಲೆಂಟ್ ಸಾಕು" ಎನ್ನುತ್ತಾರೆ. ಮೂರನೆಯವರದು ಇನ್ನೊಂದು ಮಾತು: "ಫ್ಲೋರೈಡ್ ವಾರ್ನಿಷ್ ಹಚ್ಚಿ ಕಳಿಸು, ಆರು ತಿಂಗಳು ಬಿಟ್ಟು ನೋಡೋಣ." ಮೂವರೂ ಓದಿಕೊಂಡವರು, ಮೂವರೂ ರೋಗಿಯ ಹಿತ ಬಯಸುವವರು. ಆದರೆ ಆ ಮಧ್ಯಾಹ್ನ ವಿದ್ಯಾರ್ಥಿಯ ತಲೆಯಲ್ಲಿ ಉಳಿಯುವುದು, ಯಾವ ಸರ್ ಹತ್ತಿರ ಯಾವ ಉತ್ತರಕ್ಕೆ ಸಹಿ ಸಿಗುತ್ತದೆ ಎಂಬ ಲೆಕ್ಕ ಮಾತ್ರ.

ಬೆಲೆ ತೆರುವವಳು ಆ ಹುಡುಗಿ. ಒಮ್ಮೆ ಕೊರೆದ ಹಲ್ಲು ಮೊದಲಿನಂತಾಗುವುದಿಲ್ಲ. ಸಣ್ಣ ಫಿಲ್ಲಿಂಗ್ ಕೆಲವು ವರ್ಷಗಳಲ್ಲಿ ಅಂಚು ಬಿಡುತ್ತದೆ, ಅದನ್ನು ತೆಗೆದು ದೊಡ್ಡದು ಹಾಕುತ್ತಾರೆ, ಅದರ ಪಕ್ಕದ ಗೋಡೆ ಒಡೆಯುತ್ತದೆ, ಆಮೇಲೆ ರೂಟ್ ಕೆನಾಲ್, ಕ್ಯಾಪ್, ಕೊನೆಗೆ ಕೀಳಿಸುವುದು. ಬ್ರಿಟನ್ನಿನ ರಿಚರ್ಡ್ ಎಲ್ಡರ್ಟನ್ ಈ ಸುತ್ತಿನ ಬಗ್ಗೆ 1980ರ ದಶಕದಲ್ಲೇ ಎಚ್ಚರಿಸಿದ್ದರು. ಒಂದೇ ಬಾಯಿಯನ್ನು ನೋಡಿದ ದಂತವೈದ್ಯರು ಎಷ್ಟು ಭಿನ್ನವಾದ ಚಿಕಿತ್ಸೆಗಳನ್ನು ಯೋಜಿಸುತ್ತಾರೆ ಎಂಬುದನ್ನು ಅವರೂ ನಟಾಲ್ ಅವರೂ 1983ರಲ್ಲಿ ತೋರಿಸಿಕೊಟ್ಟರು. ಅಂಥ ದಂತವೈದ್ಯರನ್ನು ತಯಾರು ಮಾಡುವ ಜಾಗ ನಮ್ಮ ಕಾಲೇಜುಗಳೇ ಆದ್ದರಿಂದ, ಇಂದಿನ ಉಪನ್ಯಾಸವನ್ನು ವಿದ್ಯಾರ್ಥಿಗಳ ಬಗ್ಗೆ ಅಲ್ಲ, ಕಲಿಸುವ ನಮ್ಮ ಬಗ್ಗೆಯೇ ಇಟ್ಟುಕೊಂಡಿದ್ದೇನೆ.

ಭಿನ್ನತೆಯ ಬೇರು ಹಳೆಯದು. ಅಮೆರಿಕದ ಜಿ.ವಿ. ಬ್ಲ್ಯಾಕ್ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹುಳುಕಿನ ಗುಳಿಗಳನ್ನು ವರ್ಗೀಕರಿಸಿದರು. ಹುಳುಕು ಮರುಕಳಿಸದಿರಲೆಂದು ಪಕ್ಕದ ಗಟ್ಟಿ ಭಾಗವನ್ನೂ ಸೇರಿಸಿ ಅಗಲವಾಗಿ ಕೊರೆಯಬೇಕೆಂಬ ನಿಯಮ ಮಾಡಿದರು. 1908ರಲ್ಲಿ ಬಂದ ಅವರ ಗ್ರಂಥ ಇಡೀ ಜಗತ್ತಿನ ದಂತ ಶಿಕ್ಷಣಕ್ಕೆ ಅಡಿಪಾಯವಾಯಿತು. ಬ್ಲ್ಯಾಕ್ ಅವರನ್ನು ಹಳಬರೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅವರ ಕೈಯಲ್ಲಿದ್ದ ಅಮಾಲ್ಗಮ್ ಹಲ್ಲಿಗೆ ಅಂಟುತ್ತಿರಲಿಲ್ಲ, ಆಕಾರದ ಬಲದಿಂದಲೇ ನಿಲ್ಲಬೇಕಿತ್ತು. ಫ್ಲೋರೈಡ್ ಪೇಸ್ಟ್ ಇರಲಿಲ್ಲ. ಆ ಕಾಲಕ್ಕೆ ಅದು ವಿವೇಕದ ನಿಯಮ. ಮುಂದೆ 1955ರಲ್ಲಿ ಬ್ಯೂನೊಕೋರ್ ಎನಾಮಲ್ ಮೇಲೆ ಆಮ್ಲ ಹಚ್ಚಿ ರಾಳ ಅಂಟಿಸುವ ದಾರಿ ತೋರಿದರು. 1970ರ ದಶಕದ ಆರಂಭದಲ್ಲಿ ವಿಲ್ಸನ್ ಮತ್ತು ಕೆಂಟ್ ಹಲ್ಲಿಗೆ ತಾನಾಗಿ ಅಂಟಿಕೊಳ್ಳುವ ಗ್ಲಾಸ್ ಅಯೊನಮರ್ ಸಿಮೆಂಟ್ ತಂದರು. ಅಗಲವಾಗಿ ಕೊರೆಯಲೇಬೇಕಾದ ಕಾರಣ ಅಲ್ಲಿಗೆ ಹೋಯಿತು. ನಿಯಮ ಮಾತ್ರ ಪರೀಕ್ಷೆಯಲ್ಲಿ, ಲಾಗ್‌ಬುಕ್ಕಿನಲ್ಲಿ, ಹಿರಿಯರ ಕೈಯಲ್ಲಿ ಉಳಿಯಿತು.

ಈಗ ಪುರಾವೆಗಳು ಏನು ಹೇಳುತ್ತವೆ? ಸಕ್ಕರೆ ತಿಂದಾಗ ಹಲ್ಲಿನ ಮೇಲಿನ ಪಾಚಿಯಲ್ಲಿ ಆಮ್ಲ ಹುಟ್ಟುತ್ತದೆ. ಪಿಎಚ್ ಸುಮಾರು 5.5ಕ್ಕಿಂತ ಇಳಿದಾಗ ಎನಾಮಲ್ಲಿನ ಖನಿಜ ಕರಗುತ್ತದೆ, ಏರಿದಾಗ ಜೊಲ್ಲಿನಿಂದ ಮರಳಿ ಕೂರುತ್ತದೆ. ದಿನವಿಡೀ ನಡೆಯುವ ಈ ಕೊಡುಕೊಳ್ಳುವಿಕೆ ತುಂಬ ಕಾಲ ಒಂದೇ ಕಡೆಗೆ ವಾಲಿದರೆ ಬಿಳಿ ಮಚ್ಚೆ ಕಾಣುತ್ತದೆ. ಗುಳಿ ಬೀಳುವ ಮುಂಚಿನ ಆ ಹಂತದಲ್ಲಿ ರೋಗವನ್ನು ನಿಲ್ಲಿಸಬಹುದು. ಇಷ್ಟರ ಮಟ್ಟಿಗೆ ನಮ್ಮಲ್ಲಿ ಜಗಳವಿಲ್ಲ, ಎಲ್ಲರೂ ಇದನ್ನೇ ಪಾಠ ಮಾಡುತ್ತೇವೆ.

ಜಗಳವಿರುವುದು ಆಳವಾದ ಹುಳುಕಿನಲ್ಲಿ. ಸ್ಪೂನ್ ಎಕ್ಸ್‌ಕವೇಟರ್ ಕರಕರ ಎನ್ನುವವರೆಗೆ ಕೆರೆಯಬೇಕು, ಮೆತ್ತಗಿನದು ಒಂದಿಷ್ಟೂ ಉಳಿಯಬಾರದು ಎಂದು ಕಲಿತ ತಲೆಮಾರು ನಮ್ಮದು. 2015ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಹಲವು ದೇಶಗಳ ತಜ್ಞರು ಸೇರಿ ಬೇರೆಯದೇ ಶಿಫಾರಸು ಮಾಡಿದರು: ಜೀವಂತ ಹಲ್ಲಿನ ಗುಳಿ ಪಲ್ಪ್‌ನ ಹತ್ತಿರಕ್ಕೆ ಹೋಗಿದ್ದರೆ ಸುತ್ತಲಿನ ಗೋಡೆಗಳನ್ನು ಗಟ್ಟಿ ಸಿಗುವವರೆಗೆ ಸ್ವಚ್ಛ ಮಾಡಿ, ಪಲ್ಪ್‌ನ ಮೇಲಿರುವ ಮೆತ್ತಗಿನ ಡೆಂಟಿನ್ನನ್ನು ಹಾಗೇ ಬಿಟ್ಟು, ಬಿಗಿಯಾಗಿ ಮುಚ್ಚಿ. ಮುಚ್ಚಿದ ಮೇಲೆ ಬ್ಯಾಕ್ಟೀರಿಯಾಗಳಿಗೆ ಆಹಾರ ಸಿಗುವುದಿಲ್ಲ, ರೋಗ ಮುಂದುವರಿಯುವುದಿಲ್ಲ. ಇದಕ್ಕೆ ಬಲ ಕೊಟ್ಟ ಅಧ್ಯಯನಗಳಲ್ಲಿ ಬ್ರೆಜಿಲ್‌ನದು ಒಂದು. ಮಾಲ್ಟ್ಸ್ ಮತ್ತು ಸಂಗಡಿಗರು ಒಂದೇ ಭೇಟಿಯಲ್ಲಿ ಭಾಗಶಃ ತೆಗೆದು ಮುಚ್ಚುವ ಕ್ರಮವನ್ನು, ಎರಡು ಭೇಟಿಗಳಲ್ಲಿ ಹಂತಹಂತವಾಗಿ ತೆಗೆಯುವ ಕ್ರಮದೊಂದಿಗೆ ಹೋಲಿಸಿದರು. ಮೂರು ವರ್ಷದ ಕೊನೆಗೆ ಮೊದಲ ಗುಂಪಿನಲ್ಲಿ ಪಲ್ಪ್ ಜೀವಂತವಾಗಿ ಉಳಿದದ್ದು ಶೇಕಡಾ 91, ಎರಡನೆಯದರಲ್ಲಿ 69. ಎರಡನೇ ಗುಂಪು ಹಿಂದೆ ಬೀಳಲು ದೊಡ್ಡ ಕಾರಣ, ಎರಡನೇ ಭೇಟಿಗೆ ಬಾರದೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವರು. ಈ ಮಾತಿಗೆ ಆಮೇಲೆ ಬರುತ್ತೇನೆ.

ಈ ಸಂಶೋಧನೆಗಳು ನಮ್ಮ ಪಾಠದಲ್ಲಿ ಬಂದಿವೆ, ಪಿಜಿಗಳ ಸೆಮಿನಾರಿನಲ್ಲಿ ಬಂದಿವೆ. ಚೇರಿನ ಪಕ್ಕಕ್ಕೆ ಬಂದಿಲ್ಲ. ಸೋಮಾರಿತನವೋ ಅಜ್ಞಾನವೋ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ. ಮೆತ್ತಗಿನ ಹುಳುಕನ್ನು ಒಳಗೆ ಬಿಟ್ಟು ಮುಚ್ಚುವಾಗ ಒಬ್ಬ ಒಳ್ಳೆಯ ಅಧ್ಯಾಪಕನ ಕೈ ಹಿಂಜರಿಯುತ್ತದೆ. ಮೂವತ್ತು ವರ್ಷ ತಪ್ಪೆಂದು ಕಲಿಸಿದ್ದನ್ನೇ ಇಂದು ಸರಿ ಎನ್ನುವುದು ಸುಲಭವಲ್ಲ, ನಾಳೆ ಆ ಹಲ್ಲಿಗೆ ನೋವು ಬಂದರೆ ಹೊಣೆ ಯಾರದು ಎಂಬ ಭಯವೂ ಇದೆ. ಜೊತೆಗೆ ಹುಳುಕಿನ ಪಾಠ ನಮ್ಮಲ್ಲಿ ಹಂಚಿಹೋಗಿದೆ. ಕೊರೆದು ತುಂಬುವುದು ಕನ್ಸರ್ವೇಟಿವ್ ವಿಭಾಗದ್ದು, ಹಾಲುಹಲ್ಲು ಪೀಡೊ ವಿಭಾಗದ್ದು, ತಡೆಗಟ್ಟುವಿಕೆ ಸಮುದಾಯ ದಂತ ವಿಭಾಗದ್ದು, ಎಕ್ಸ್‌ರೇ ಓದುವುದು ಓರಲ್ ಮೆಡಿಸಿನ್‌ನದು. ವಿದ್ಯಾರ್ಥಿ ನಾಲ್ಕು ಪೋಸ್ಟಿಂಗ್‌ಗಳಲ್ಲಿ ಒಂದೇ ರೋಗದ ನಾಲ್ಕು ರೂಪಗಳನ್ನು ಕಲಿಯುತ್ತಾನೆ. ಯುರೋಪಿನವರು 2010ರಲ್ಲಿ ಬರ್ಲಿನ್‌ನಲ್ಲಿ ಕುಳಿತು ಇದನ್ನೆಲ್ಲ ಒಂದೇ ಪಠ್ಯವಾಗಿ ಹೆಣೆದು ಮರುವರ್ಷ ಪ್ರಕಟಿಸಿದರು, ಅಮೆರಿಕದ ಅಧ್ಯಾಪಕರು 2016ರಲ್ಲಿ ಅಂಥದೇ ಚೌಕಟ್ಟು ತಂದರು. ಚೌಕಟ್ಟು ಬೇಕು, ನಿಜ. ಆದರೆ ಪಠ್ಯ ಒಂದಾದ ಮಾತ್ರಕ್ಕೆ ಕಣ್ಣುಗಳು ಒಂದಾಗುವುದಿಲ್ಲ.

ಕಣ್ಣುಗಳನ್ನು ಒಂದು ಮಾಡಲು ಅಧ್ಯಾಪಕರೇ ಕೂತು ಅಭ್ಯಾಸ ಮಾಡಬೇಕು. ಸಮೀಕ್ಷೆಗೆ ಹೊರಡುವ ಮುಂಚೆ ಪರೀಕ್ಷಕರಿಗೆ ಹೀಗೆ ತರಬೇತಿ ಕೊಟ್ಟು ಅವರ ನೋಟವನ್ನು ಹೊಂದಿಸುವ ಪದ್ಧತಿ ನಮಗೆ ಹೊಸದಲ್ಲ, ವಿಶ್ವ ಆರೋಗ್ಯ ಸಂಸ್ಥೆಯ ಸಮೀಕ್ಷಾ ಕೈಪಿಡಿಯಲ್ಲೇ ಇದೆ. ಊರೂರು ಎಣಿಸಲು ಹೋಗುವವರಿಗೆ ಕಡ್ಡಾಯ ಮಾಡಿದ್ದನ್ನು ದಿನವೂ ವಿದ್ಯಾರ್ಥಿಗಳ ಕೆಲಸಕ್ಕೆ ಸಹಿ ಹಾಕುವವರಿಂದ ನಾವು ಕೇಳಿಲ್ಲ.

ಅದನ್ನು ಹೇಗೆ ಮಾಡುವುದೆಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಿತ್ತ ಹಲ್ಲುಗಳನ್ನು ಸ್ವಚ್ಛ ಮಾಡಿ, ಸಂಖ್ಯೆ ಹಾಕಿ ಮೇಜಿನ ಮೇಲಿಡಿ. ಜೊತೆಗೆ ಬಿಟ್‌ವಿಂಗ್ ಎಕ್ಸ್‌ರೇಗಳಿರಲಿ. ಪ್ರತಿಯೊಬ್ಬರೂ ಒಬ್ಬರೇ ನೋಡಿ, ಹುಳುಕಿನ ಹಂತ ಗುರುತಿಸುವ ಐಸಿಡಾಸ್ ಪದ್ಧತಿಯಂತೆ 0ಯಿಂದ 6ರವರೆಗಿನ ಅಂಕೆಯೊಂದನ್ನು ಬರೆಯಬೇಕು. ಹಲ್ಲು ಒದ್ದೆಯಿದ್ದಾಗ ಕಾಣದೆ, ಐದು ಸೆಕೆಂಡು ಗಾಳಿ ಊದಿದ ಮೇಲೆ ಕಾಣುವ ಬಿಳುಪು 1. ಒದ್ದೆಯಲ್ಲೇ ಕಂಡರೆ 2. ಎನಾಮಲ್ ಮಾತ್ರ ಮುರಿದಿದ್ದರೆ 3. ಒಳಗಿನ ಡೆಂಟಿನ್‌ನ ನೆರಳು ಮೇಲಕ್ಕೆ ಕಂಡರೆ 4. ಡೆಂಟಿನ್ ತೆರೆದ ಗುಳಿ 5, ಅದು ವ್ಯಾಪಕವಾದರೆ 6. ಈ ಅಭ್ಯಾಸ ಶುರು ಮಾಡಿದ ಕೂಡಲೇ ಕಾಣುವ ಮೊದಲ ಸತ್ಯ ಬಹಳ ಸರಳ: ನಮ್ಮಲ್ಲಿ ಕೆಲವರು ಹಲ್ಲನ್ನು ಒಣಗಿಸಿ ನೋಡುತ್ತೇವೆ, ಕೆಲವರು ಜೊಲ್ಲಿನಲ್ಲೇ ನೋಡುತ್ತೇವೆ. ಕೆಲವರು ಚೂಪು ಎಕ್ಸ್‌ಪ್ಲೋರರನ್ನು ಗೀರಿನೊಳಗೆ ಒತ್ತಿ ಅದು ಸಿಕ್ಕಿಕೊಂಡರೆ ಹುಳುಕೆನ್ನುತ್ತೇವೆ. ಮೆತ್ತಗಾದ ಎನಾಮಲ್ ಆ ಒತ್ತಡಕ್ಕೇ ಮುರಿಯಬಲ್ಲದು, ತುದಿ ಗುಂಡಗಿರುವ ಪ್ರೋಬನ್ನು ಮೆಲ್ಲಗೆ ಎಳೆದರೆ ಸಾಕು. ಅರ್ಧ ಭಿನ್ನಾಭಿಪ್ರಾಯ ಇಲ್ಲೇ ಕರಗುತ್ತದೆ ಎಂಬುದು ನನ್ನ ನಂಬಿಕೆ.

ಬರೆದಾದ ಮೇಲೆ ಎಷ್ಟು ಹೊಂದಿಕೆಯಾಯಿತೆಂದು ಲೆಕ್ಕ ಹಾಕಬೇಕು. ಇಬ್ಬರು ಬರೀ ಅದೃಷ್ಟದಿಂದಲೂ ಒಂದೇ ಉತ್ತರ ಕೊಡಬಹುದಾದ್ದರಿಂದ, ಆ ಪಾಲನ್ನು ಕಳೆದು ಉಳಿದ ಒಮ್ಮತವನ್ನು ಅಳೆಯುವ ಕಪ್ಪಾ ಎಂಬ ಅಂಕೆಯನ್ನು ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟರು. ಒಂದು ಬಂದರೆ ಪೂರ್ಣ ಒಮ್ಮತ, ಸೊನ್ನೆ ಬಂದರೆ ಬರೀ ಆಕಸ್ಮಿಕ. ಲೆಕ್ಕಕ್ಕಿಂತ ಮುಖ್ಯವಾದದ್ದು ಆಮೇಲಿನ ಮಾತುಕತೆ, ಅದರಲ್ಲೂ ಒಮ್ಮತ ಮುರಿದ ಹಲ್ಲುಗಳ ಮೇಲಿನದು. ಒಂದು ಎಚ್ಚರಿಕೆ. ನಮ್ಮ ಕಾಲೇಜುಗಳಲ್ಲಿ ವಿಭಾಗದ ಮುಖ್ಯಸ್ಥರು ಮೊದಲು ಮಾತಾಡಿಬಿಟ್ಟರೆ ಕಿರಿಯರು ಪೆನ್ಸಿಲ್ ತಿದ್ದುತ್ತಾರೆ. ಆಗ ಬರುವ ಒಮ್ಮತ ಗೌರವದ್ದು, ಕಣ್ಣಿನದಲ್ಲ. ಹಾಗಾಗಿ ಹಾಳೆಗಳನ್ನು ಹೆಸರಿಲ್ಲದೆ ಮೊದಲು ಒಪ್ಪಿಸಬೇಕು, ಚರ್ಚೆಯಲ್ಲಿ ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು. ಸಂಜೆ ಕ್ಲಿನಿಕ್ ನೋಡಿಕೊಳ್ಳುವ ಅರೆಕಾಲಿಕ ಅಧ್ಯಾಪಕರೂ, ಸಹಿ ಹಾಕುವ ಪಿಜಿಗಳೂ ಸಾಲಿನಲ್ಲಿರಬೇಕು. ವರ್ಷಕ್ಕೊಮ್ಮೆ ಮಾಡಿ ಮುಗಿಸುವ ಕಾರ್ಯಾಗಾರ ಇದಲ್ಲ. ಕಣ್ಣು ಹಳೆಯ ಅಭ್ಯಾಸಕ್ಕೆ ಬೇಗ ಜಾರುತ್ತದೆ, ಪ್ರತಿ ಅವಧಿಯ ಆರಂಭದಲ್ಲೂ ಮತ್ತೆ ಕೂರಬೇಕು.

ಎಲ್ಲರೂ ಒಟ್ಟಾಗಿ ತಪ್ಪಬಹುದೆಂಬ ಅಪಾಯವೂ ಇದೆ. ಆದ್ದರಿಂದ ಹುಳುಕನ್ನು ಗುರುತಿಸುವುದರಲ್ಲಿ ಮಾತ್ರವಲ್ಲ, ಅದಕ್ಕೆ ಏನು ಮಾಡಬೇಕೆಂಬುದರಲ್ಲೂ ಒಮ್ಮತ ಬೇಕು, ಆ ತೀರ್ಮಾನ ಪುರಾವೆಯ ಎದುರು ನಿಲ್ಲಬೇಕು. ಅದೇ 2ನೇ ಅಂಕೆಯ ಹಲ್ಲು ಸಕ್ಕರೆ ಕಡಿಮೆ ತಿನ್ನುವ, ಎರಡು ಹೊತ್ತು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜುವ ಹುಡುಗಿಯದಾದರೆ ಒಂದು ನಿರ್ಧಾರ, ಬಾಯಿ ಒಣಗಿಸುವ ಮಾತ್ರೆ ನುಂಗುವ ಹಿರಿಯರದಾದರೆ ಇನ್ನೊಂದು. 1996ರಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ಸಂಗಡಿಗರು ಪುರಾವೆ ಆಧಾರಿತ ವೈದ್ಯವನ್ನು ವಿವರಿಸುವಾಗ ಸಂಶೋಧನೆಯ ಜೊತೆಗೆ ವೈದ್ಯರ ಅನುಭವವನ್ನೂ ರೋಗಿಯ ಇಚ್ಛೆಯನ್ನೂ ಸೇರಿಸಿದ್ದರು. ಹಿರಿಯ ಅಧ್ಯಾಪಕರಿಗೆ ಇದನ್ನು ಒತ್ತಿ ಹೇಳಬೇಕು. ಅವರ ಅನುಭವವನ್ನು ಯಾರೂ ಕಿತ್ತುಕೊಳ್ಳುತ್ತಿಲ್ಲ.

ನಮ್ಮ ರಾಜ್ಯಕ್ಕೆ ವಿಶೇಷವಾದ ಒಂದು ತೊಡಕಿದೆ. ಪಾವಗಡ, ಕೋಲಾರ, ರಾಯಚೂರು ಕಡೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿ ನೀರಿನ ಫ್ಲೋರೈಡ್ ಹೆಚ್ಚು. ಅಲ್ಲಿಂದ ಬಂದ ಮಕ್ಕಳ ಹಲ್ಲಿನಲ್ಲೂ ಬಿಳುಪಿರುತ್ತದೆ, ಕಂದು ಬಣ್ಣವಿರುತ್ತದೆ. ಫ್ಲೋರೋಸಿಸ್‌ನ ಬಿಳುಪು ಎಡಬಲದ ಜೋಡಿ ಹಲ್ಲುಗಳಲ್ಲಿ ಒಂದೇ ರೀತಿ, ಅಡ್ಡಗೆರೆಗಳಾಗಿಯೋ ಮೋಡದಂತೆಯೋ ಹರಡಿರುತ್ತದೆ. ಹುಳುಕಿನ ಬಿಳುಪು ಪಾಚಿ ನಿಲ್ಲುವ ಜಾಗದಲ್ಲಿ, ಒಸಡಿನ ಅಂಚಿನಲ್ಲೋ ಗೀರಿನ ಬಾಯಲ್ಲೋ ಇರುತ್ತದೆ. ಹೊರದೇಶದ ಫೋಟೊಗಳಲ್ಲಿ ಅಭ್ಯಾಸ ಮಾಡಿದ ಕಣ್ಣಿಗೆ ಈ ವ್ಯತ್ಯಾಸ ಹತ್ತುವುದು ಕಷ್ಟ. ನಮ್ಮ ಅಭ್ಯಾಸದ ಹಲ್ಲುಗಳೂ ಚಿತ್ರಗಳೂ ನಮ್ಮ ಜಿಲ್ಲೆಗಳವೇ ಆಗಿರಬೇಕು. ರಾಜ್ಯದ ಕಾಲೇಜುಗಳೆಲ್ಲ ಸೇರಿ ಅಂಥ ಒಂದು ಚಿತ್ರಸಂಗ್ರಹ ಮಾಡಿದರೆ ಅದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುತ್ತಿಲ್ಲ.

ಕೋಟಾ ಮತ್ತು ಪರೀಕ್ಷೆಯ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಎಲ್ಲರಿಗೂ ಗೊತ್ತಿರುವುದೇ. ಇಷ್ಟು ಕ್ಲಾಸ್ ಒನ್, ಇಷ್ಟು ಕ್ಲಾಸ್ ಟು ತುಂಬಿದರೆ ಪರೀಕ್ಷೆಗೆ ಕೂರಬಹುದು ಎಂದಿರುವಾಗ ಕೊರೆಯದೆ ಉಳಿಸಿದ ಹಲ್ಲು ವಿದ್ಯಾರ್ಥಿಗೆ ನಷ್ಟ. ಅಪಾಯ ಅಳೆದು, ವಾರ್ನಿಷ್ ಹಚ್ಚಿ, ಮರುಭೇಟಿಯಲ್ಲಿ ಮಚ್ಚೆ ನಿಂತಿರುವುದನ್ನು ದಾಖಲಿಸಿದ್ದಕ್ಕೂ ಒಂದು ಫಿಲ್ಲಿಂಗ್‌ನಷ್ಟೇ ಅಂಕ ಸಿಗಬೇಕು. ಅಲ್ಲಿಯವರೆಗೆ ಅಧ್ಯಾಪಕರ ಒಮ್ಮತಕ್ಕೂ ಬಲ ಬಾರದು.

ಈಗ ಬ್ರೆಜಿಲ್‌ನ ಅಧ್ಯಯನದಲ್ಲಿ ಎರಡನೇ ಭೇಟಿಗೆ ಬಾರದವರ ಮಾತಿಗೆ ಬರುತ್ತೇನೆ. ಭಾರತೀಯ ದಂತವೈದ್ಯ ಮಂಡಳಿಯ 2002-03ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹನ್ನೆರಡು ವರ್ಷದ ಮಕ್ಕಳಲ್ಲಿ ಶೇಕಡಾ 53.8, ಮೂವತ್ತೈದರಿಂದ ನಲವತ್ತನಾಲ್ಕರವರಲ್ಲಿ ಶೇಕಡಾ 80.2 ಮಂದಿಗೆ ಹುಳುಕಿತ್ತು. ಇವರಲ್ಲಿ ಕಾಲೇಜು ಆಸ್ಪತ್ರೆಗೆ ಬರುವವರು ಹೆಚ್ಚಾಗಿ ದಿನಗೂಲಿ ಬಿಟ್ಟು, ಬಸ್ಸು ಹಿಡಿದು ಬರುವವರು. "ಆರು ತಿಂಗಳು ಬಿಟ್ಟು ನೋಡೋಣ" ಎಂಬ ಸಲಹೆ ಅವರು ಮರಳಿ ಬರುತ್ತಾರೆಂಬ ನಂಬಿಕೆಯ ಮೇಲೆ ನಿಂತಿದೆ. ಬರಲಾರದವರಿಗೆ ಏನು ಎಂಬುದನ್ನೂ ಅಧ್ಯಾಪಕರು ಒಟ್ಟಿಗೆ ನಿರ್ಧರಿಸಬೇಕು. ಗೀರಿಗೆ ಅದೇ ದಿನ ಸೀಲೆಂಟ್, ಆಳವಾದ ಗುಳಿಯನ್ನು ಒಂದೇ ಭೇಟಿಯಲ್ಲಿ ಮುಚ್ಚುವುದು, ಅಳುವ ಮಗುವಿನ ಹಾಲುಹಲ್ಲಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್. ಈ ಕೊನೆಯದು 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿ ಸೇರಿದೆ. ಇದು ಹುಳುಕನ್ನು ನಿಲ್ಲಿಸುತ್ತದೆ, ಆದರೆ ಆ ಜಾಗವನ್ನು ಶಾಶ್ವತವಾಗಿ ಕಪ್ಪು ಮಾಡುತ್ತದೆ. ಹಚ್ಚುವ ಮೊದಲೇ ತಾಯಿಗೆ ತಿಳಿಸಿ ಒಪ್ಪಿಗೆ ಪಡೆಯಬೇಕು. ರೋಗಿಗೆ ಮತ್ತೆ ಬರಲು ಸಾಧ್ಯವೇ ಎಂಬ ಪ್ರಶ್ನೆಗೆ ಕೇಸ್ ಶೀಟಿನಲ್ಲಿ ಒಂದು ಸಾಲು ಮೀಸಲಿಡಿ. ಹುಳುಕಿನ ಅಂಕೆಯ ಪಕ್ಕದಲ್ಲೇ, ಚಿಕಿತ್ಸೆಗೆ ಸಹಿ ಹಾಕುವ ಮುಂಚೆ ಅದನ್ನು ವಿದ್ಯಾರ್ಥಿ ಕೇಳಿ ಬರೆಯಲಿ, ಯಾವ ವಿಭಾಗದವರೇ ಆಗಲಿ ಅದನ್ನು ಓದಿಯೇ ಸಹಿ ಹಾಕಲಿ.